ಪಾತಾಳದ ಕೂಗು: ಒಂದು ವದಂತಿಯ ಇತಿಹಾಸ



ರಷ್ಯಾದ ವಿಜ್ಞಾನಿಗಳು ಭೂಮಿಯನ್ನು ಬಹಳ ಆಳಕ್ಕೆ ಕೊರೆದಾಗ ನರಕವಾಸಿಗಳ ಆಕ್ರಂದನ ಕೇಳಿಸಿತೆಂಬ ಮಾತನ್ನು ನೀವೂ ಒಮ್ಮೆಯಾದರೂ ಕೇಳಿರಬಹುದು. ಕ್ಯಾಸೆಟ್ಟುಗಳ ಕಾಲದಿಂದ ಇಂದಿನ ಮೊಬೈಲಿನವರೆಗೆ ಆ ಧ್ವನಿ ಸುತ್ತುತ್ತಲೇ ಇದೆ. ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು? ಬನ್ನಿ, ಪರಿಶೀಲಿಸೋಣ.

ಆಳವಾದ ಬಾವಿಯೊಂದು ಇದ್ದದ್ದು ನಿಜ. ರಷ್ಯಾದ ವಾಯವ್ಯ ತುದಿಯ ಕೋಲಾ ಪರ್ಯಾಯ ದ್ವೀಪದಲ್ಲಿ ಸೋವಿಯತ್ ವಿಜ್ಞಾನಿಗಳು 1970ರ ಮೇ 24ರಂದು ಕೊರೆತ ಆರಂಭಿಸಿದರು. ತೈಲಕ್ಕಾಗಿಯಲ್ಲ, ಭೂಮಿಯ ಹೊರಪದರವನ್ನು ಅರಿಯುವುದಕ್ಕಾಗಿ. 1989ರಲ್ಲಿ ಆಳ 12,262 ಮೀಟರ್ ತಲುಪಿತು. ಎವರೆಸ್ಟ್ ಶಿಖರವನ್ನೇ ಅದರೊಳಗೆ ಇಳಿಸಿದರೂ ಮೇಲೆ ಮೂರು ಕಿಲೋಮೀಟರಿಗೂ ಹೆಚ್ಚು ಉಳಿಯುವಷ್ಟು ಆಳ! ಆದರೆ ಬಾವಿಯ ಅಗಲ ಸುಮಾರು 23 ಸೆಂಟಿಮೀಟರ್ ಮಾತ್ರ. ತಳದಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆ ನಿರೀಕ್ಷಿಸಿದ್ದರು, ಕಂಡದ್ದು 180 ಡಿಗ್ರಿ. ಬಂಡೆ ಮೆದುವಾಗಿ ವರ್ತಿಸತೊಡಗಿ ಮುಂದೆ ಕೊರೆಯುವುದು ಅಸಾಧ್ಯವಾಯಿತು. 1992ರಲ್ಲಿ ಕೊರೆತ ನಿಂತಿತು.

ವದಂತಿಯ ಬಾವಿ ಇದ್ದದ್ದು ಸೈಬೀರಿಯಾದಲ್ಲಂತೆ, ಆಳ 14 ಕಿಲೋಮೀಟರಿಗೂ ಹೆಚ್ಚಂತೆ, ಉಷ್ಣತೆ 1,100 ಡಿಗ್ರಿಯಂತೆ. ಅಲ್ಲಿಗೆ ಮೈಕ್ ಇಳಿಸಿ ಧ್ವನಿ ಹಿಡಿದರಂತೆ. ಫಿನ್ಲೆಂಡಿನ ಸಣ್ಣ ಧಾರ್ಮಿಕ ಪತ್ರಿಕೆಯೊಂದರಲ್ಲಿ ಬಂದ ಈ ಕಥೆ 1989ರಲ್ಲಿ ಅಮೆರಿಕದ ಧಾರ್ಮಿಕ ಟಿ.ವಿ. ವಾಹಿನಿಯಲ್ಲಿ ಪ್ರಸಾರವಾಯಿತು. ಅದನ್ನು ನೋಡಿದ ನಾರ್ವೆಯ ಶಿಕ್ಷಕರೊಬ್ಬರು, ಇವರು ಎಷ್ಟರಮಟ್ಟಿಗೆ ವಿಚಾರಿಸುತ್ತಾರೆಂದು ನೋಡಲು, ಬಾವಿಯಿಂದ ರೆಕ್ಕೆಯುಳ್ಳ ಪ್ರಾಣಿ ಹಾರಿಬಂತೆಂಬ ಕಟ್ಟುಕಥೆಯನ್ನೂ ಸೇರಿಸಿದರು. ಪುರಾವೆಯೆಂದು ಕೊಟ್ಟದ್ದು ಕಟ್ಟಡ ತನಿಖಾಧಿಕಾರಿಯೊಬ್ಬರ ಬಗೆಗಿನ ನಾರ್ವೇಜಿಯನ್ ಸುದ್ದಿ ತುಣುಕು ಮತ್ತು ಅದರ ಸುಳ್ಳು ಅನುವಾದ! ನಂತರ ವಿಚಾರಿಸಿದಾಗ ಅವರೇ ನಿಜ ಒಪ್ಪಿಕೊಂಡರು. ಇನ್ನು ಆ ಆಕ್ರಂದನ? ಅದು 1972ರ ‘ಬ್ಯಾರನ್ ಬ್ಲಡ್’ ಎಂಬ ಭಯಾನಕ ಚಲನಚಿತ್ರದ ಧ್ವನಿಯನ್ನು ತಿರುಚಿದ್ದೆಂದು ಮುಂದೆ ಗುರುತಿಸಲಾಯಿತು.

ವಿದ್ಯಾರ್ಥಿಗಳೇ, ಇದನ್ನೆಲ್ಲ ಓದದೆಯೂ ನೀವು ಅನುಮಾನಿಸಬಹುದಿತ್ತು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಹಾಗಿರುವಾಗ 1,100 ಡಿಗ್ರಿಯಲ್ಲಿ ಮೈಕ್, ತಂತಿ ಉಳಿದದ್ದಾದರೂ ಹೇಗೆ? ಶಾಲೆಯಲ್ಲಿ ಕಲಿತ ಪಾಠವನ್ನು ಕೇಳಿದ ಸುದ್ದಿಗೆ ಹಚ್ಚಿ ನೋಡುವುದೇ ವಿದ್ಯೆ.

ಈ ಕ್ಯಾಸೆಟ್ ನಮ್ಮವರಲ್ಲೂ ಹರಡಿತು, ಸಮಾಧಿಯ ಶಿಕ್ಷೆಯ ಧ್ವನಿಯೆಂಬ ಹೆಸರಿನಲ್ಲಿ. ಹರಡಿದವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಯೋಚಿಸಿ: ಇದನ್ನು ಕೇಳಿ ಪರಲೋಕವನ್ನು ನಂಬಿದ ಹುಡುಗ, ನಾಳೆ ಇದು ಸಿನಿಮಾದ ಧ್ವನಿಯೆಂದು ತಿಳಿದರೆ ಏನನ್ನು ಕಳೆದುಕೊಳ್ಳುತ್ತಾನೆ? ಸುಳ್ಳು ಸಾಕ್ಷಿ ಕೊನೆಗೆ ಕೆಡಿಸುವುದು ಸತ್ಯದ ಮೇಲಿನ ವಿಶ್ವಾಸವನ್ನೇ. ಸುದ್ದಿ ಬಂದರೆ ಪರಿಶೀಲಿಸಬೇಕೆಂದು ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಆದೇಶಿಸುತ್ತದೆ. ಒಂದೊಂದು ಹದೀಸಿಗೂ ವರದಿಗಾರರ ಸರಪಣಿಯನ್ನು ಶೋಧಿಸಿದ ವಿದ್ವಾಂಸರ ವಾರಸುದಾರರು ನಾವು. ಮುಂದಿನ ಬಾರಿ ಇಂಥದೊಂದು ಕೈಗೆ ಬಂದಾಗ ಬೇರೆಯವರಿಗೆ ಕಳುಹಿಸುವ ಮೊದಲು ಇಷ್ಟು ಕೇಳಿ: ಇದನ್ನು ಮೊದಲು ಹೇಳಿದವರು ಯಾರು?