ಖರ್ಚಿನ ಲೆಕ್ಕದಿಂದ ಇಂಗಾಲದ ಹೆಜ್ಜೆಗುರುತು

ಕೊಂಡ ಸರಕು–ಸೇವೆಗಳ ಹಿಂದೆ ಎಷ್ಟು ಹಸಿರುಮನೆ ಅನಿಲ ಹೊರಬಿದ್ದಿದೆ ಎಂಬುದನ್ನು, ಅವುಗಳಿಗೆ ತೆತ್ತ ಹಣದಿಂದಲೇ ಅಂದಾಜು ಮಾಡುವ ವಿಧಾನ. ಖರ್ಚಿನ ಮೊತ್ತವನ್ನು ಆಯಾ ಉದ್ಯಮ ವಲಯದ ‘ರೂಪಾಯಿಗೆ ಇಷ್ಟು ಇಂಗಾಲ’ ಎಂಬ ಗುಣಾಂಕದಿಂದ ಗುಣಿಸುವುದು ಇದರ ತಿರುಳು.

ಇದರ ಬೇರು ಇರುವುದು ಅರ್ಥಶಾಸ್ತ್ರದಲ್ಲಿ. ಹಾರ್ವರ್ಡ್‌ನಲ್ಲಿದ್ದ ರಷ್ಯಾ ಮೂಲದ ವಾಸಿಲಿ ಲಿಯಾಂಟಿಫ್ 1936ರಲ್ಲಿ ಅಮೆರಿಕದ ಉದ್ಯಮಗಳು ಒಂದರಿಂದೊಂದು ಏನೇನು ಕೊಳ್ಳುತ್ತವೆ ಎಂಬುದನ್ನು ಹೂಡುವಳಿ–ಹುಟ್ಟುವಳಿ ಕೋಷ್ಟಕದಲ್ಲಿ ಜೋಡಿಸಿ ತೋರಿಸಿದರು. ಒಂದು ಅಂಗಿಯನ್ನೇ ನೋಡಿ. ಗಾರ್ಮೆಂಟ್ ಕಾರ್ಖಾನೆಗೆ ಬಟ್ಟೆ ಬೇಕು, ಬಟ್ಟೆ ಗಿರಣಿಗೆ ನೂಲು, ನೂಲಿನ ಗಿರಣಿಗೆ ಅರಳೆ ಮತ್ತು ವಿದ್ಯುತ್, ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು, ಕಲ್ಲಿದ್ದಲ ಗಣಿಗೆ ಮತ್ತೆ ವಿದ್ಯುತ್ತು. ಮುಗಿಯದ ಈ ಸುತ್ತನ್ನು ಆ ಕೋಷ್ಟಕದಿಂದ ಕಟ್ಟಿದ ಮಾತೃಕೆಯ (ಮ್ಯಾಟ್ರಿಕ್ಸ್) ವಿಲೋಮ ಒಂದೇ ಲೆಕ್ಕದಲ್ಲಿ ಬಿಡಿಸಿಬಿಡುತ್ತದೆ. ಇಡೀ ವಿಧಾನದ ನಿಜವಾದ ಶಕ್ತಿ ಇದೇ. 1970ರ ಲೇಖನವೊಂದರಲ್ಲಿ ಲಿಯಾಂಟಿಫ್ ಅದೇ ಕೋಷ್ಟಕಕ್ಕೆ ಮಾಲಿನ್ಯವನ್ನೂ ಸೇರಿಸಿದರು. 1973ರಲ್ಲಿ ಅವರಿಗೆ ನೊಬೆಲ್ ಬಂತು.

ಆ ವರ್ಷದ ತೈಲ ಬಿಕ್ಕಟ್ಟು ಸಂಶೋಧಕರ ಗಮನವನ್ನು ಇಂಧನದತ್ತ ತಿರುಗಿಸಿತು. ಸರಕುಗಳಲ್ಲಿ ಅಡಗಿರುವ ಇಂಧನವನ್ನು ಬುಲ್ಲಾರ್ಡ್ ಮತ್ತು ಹೆರೆಂಡೀನ್ 1975ರಲ್ಲಿ ಲೆಕ್ಕ ಹಾಕಿದರು. 1990ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡ ಇದನ್ನು ಇತರರೂ ಬಳಸಬಹುದಾದ ಸಾಧನವಾಗಿ ರೂಪಿಸಿತು. ಅದೇ ದಶಕದಲ್ಲಿ ಮುಂಬೈಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆಯ ಜ್ಯೋತಿ ಪಾರಿಖ್ ಮತ್ತು ಸಹೋದ್ಯೋಗಿಗಳು ಭಾರತದ ಬೇರೆ ಬೇರೆ ವರಮಾನ ವರ್ಗಗಳ ಬಳಕೆಯನ್ನು ಇಂಗಾಲದ ಡೈಆಕ್ಸೈಡ್‌ಗೆ ತಳುಕುಹಾಕಿದರು. ನಗರದ ಸಿರಿವಂತರ ಪಾಲು ಹಳ್ಳಿಯ ಬಡವರ ಪಾಲಿಗಿಂತ ಎಷ್ಟೋ ಪಟ್ಟು ಹೆಚ್ಚೆಂಬುದು ಅಂಕಿಗಳಲ್ಲೇ ಕಂಡಿತು. ಈ ವಿಧಾನದ ಅತ್ಯಂತ ಘನವಾದ ಬಳಕೆಗಳಲ್ಲಿ ಇದೂ ಒಂದು.

2011ರಲ್ಲಿ ಗ್ರೀನ್‌ಹೌಸ್ ಗ್ಯಾಸ್ ಪ್ರೋಟೊಕಾಲ್‌ನ ‘ಸ್ಕೋಪ್ 3’ (ಪೂರೈಕೆ ಸರಪಳಿಯಂಥ ಪರೋಕ್ಷ ಮೂಲಗಳ ಹೊರಸೂಸುವಿಕೆ) ಮಾನದಂಡ ಬಂದ ಮೇಲೆ ಕಂಪನಿಗಳ ಲೆಕ್ಕಪತ್ರ ವಿಭಾಗಕ್ಕೂ ಇದು ಕಾಲಿಟ್ಟಿತು. ಸಾವಿರಾರು ಪೂರೈಕೆದಾರರನ್ನು ಕೇಳುತ್ತ ಕೂರುವ ಬದಲು ಖರೀದಿ ಲೆಡ್ಜರ್ ಒಂದರಿಂದಲೇ ಕೆಲಸ ಶುರುವಾಗುತ್ತದೆ. ಎಲ್ಲಿ ಹೊರೆ ಹೆಚ್ಚಿದೆ ಎಂದು ಹುಡುಕಲು ಇಷ್ಟು ಸಾಕು. ಆದರೆ ಸುಧಾರಣೆಯನ್ನು ಅಳೆಯಲು ಇದನ್ನೇ ನಂಬುವುದು ತಪ್ಪು. 500 ರೂಪಾಯಿಯ ಮಿಲ್ ಅಂಗಿಯನ್ನೂ 2,000 ರೂಪಾಯಿಯ ಕೈಮಗ್ಗದ ಅಂಗಿಯನ್ನೂ ಒಂದೇ ವಲಯಕ್ಕೆ ಸೇರಿಸಿದರೆ, ಕೈಮಗ್ಗದ್ದೇ ನಾಲ್ಕು ಪಟ್ಟು ಮಾಲಿನ್ಯಕಾರಿ ಎಂದಾಗುತ್ತದೆ! ಕಡಿಮೆ ಇಂಗಾಲದ ಉಕ್ಕಿಗೆ ಹೆಚ್ಚು ಬೆಲೆ ಕೊಟ್ಟ ಕಂಪನಿಗೂ ಇದೇ ಅನ್ಯಾಯ. ಹಳೆಯ ವರ್ಷದ ಗುಣಾಂಕವನ್ನು ಬೆಲೆಯೇರಿಕೆಗೆ ಹೊಂದಿಸದಿದ್ದರೆ ಹಣದುಬ್ಬರವೂ ಹೊಗೆಯಾಗಿ ಲೆಕ್ಕಕ್ಕೆ ಸೇರುತ್ತದೆ.

ಗ್ರಾಹಕರ ಕೈಗೆ ಇದನ್ನು ತಂದವರಲ್ಲಿ ಫಿನ್ಲೆಂಡಿನ ಬ್ಯಾಂಕ್ ಆಫ್ ಓಲಾಂಡ್ ಮುಖ್ಯ. ಅದು 2016ರಲ್ಲಿ ಕಾರ್ಡ್ ಖರ್ಚಿಗೆ, ಅದರ ಇಂಗಾಲವನ್ನು ಅಂದಾಜಿಸುವ ಓಲಾಂಡ್ ಸೂಚ್ಯಂಕವನ್ನು ಜೋಡಿಸಿತು. 2019ರಲ್ಲಿ ಸ್ವೀಡನ್ನಿನ ಡೊಕಾನಮಿ, ಇಂಗಾಲದ ಮಿತಿ ಮುಟ್ಟಿದೊಡನೆ ಖರ್ಚನ್ನೇ ತಡೆಯುವ ಕಾರ್ಡನ್ನು ಪ್ರಕಟಿಸಿತು. ಇಲ್ಲಿಯ ತೊಡಕು ಬೇರೆ. ಕಾರ್ಡ್ ಉಜ್ಜಿದಾಗ ಬ್ಯಾಂಕಿಗೆ ಸಾಮಾನ್ಯವಾಗಿ ತಲುಪುವುದು ಮೊತ್ತ, ಅಂಗಡಿಯ ಹೆಸರು, ಅದರ ವರ್ಗವನ್ನು ಸೂಚಿಸುವ ನಾಲ್ಕಂಕಿಯ ಸಂಕೇತದಂಥ ವಿವರಗಳು ಮಾತ್ರ. 5411 ಎಂದರೆ ದಿನಸಿ ಅಂಗಡಿ ಅಥವಾ ಸೂಪರ್‌ಮಾರ್ಕೆಟ್. ಚೀಲದಲ್ಲಿರುವುದು ತೊಗರಿಬೇಳೆಯೋ ತುಪ್ಪವೋ ಎಂಬುದು ಬಿಲ್ಲಿನ ಒಂದೊಂದು ಸಾಲನ್ನೂ ಓದಿದರೆ ಮಾತ್ರ ತಿಳಿಯುತ್ತದೆ. ಆ ಬಿಲ್ಲು ಅಂಗಡಿಯ ಬಳಿಯೇ ಉಳಿಯುತ್ತದೆ.