ಒಂದು ಟಿಕ್ ಮಾರ್ಕಿನ ಚರಿತ್ರೆ

ಮೊನ್ನೆ ಊರಿಗೆ ಹೋಗಿದ್ದಾಗ ಕಪಾಟಿನ ಮೂಲೆಯಲ್ಲಿ ಒಂದು ಹಳೆಯ ಸಿ.ಡಿ. ಸಿಕ್ಕಿತು. ಮೇಲೆ ಮಾರ್ಕರ್ ಪೆನ್ನಿನಲ್ಲಿ 'ಮನೆತನದ ಚರಿತ್ರೆ, 2002' ಎಂದು ದೊಡ್ಡಪ್ಪನ ಕೈಬರಹ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಅಂತ ಚದುರಿ ಹೋದ ನಮ್ಮ ಕುಟುಂಬದ ಕಥೆಯನ್ನು ಅವರು ಹಿರಿಯರಿಂದ ಕೇಳಿ ಬರೆದು, ಪೇಟೆಯ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿದ್ದರು. ದೊಡ್ಡಪ್ಪ ಈಗಿಲ್ಲ. ಅವರು ಬರೆದಿಟ್ಟ ನೋಟ್ ಪುಸ್ತಕಕ್ಕೆ ಗೆದ್ದಲು ಹಿಡಿದು ಎಷ್ಟೋ ವರ್ಷವಾಯಿತು. ಉಳಿದಿರುವುದು ಈ ಸಿ.ಡಿ. ಮಾತ್ರ.

ಸಿ.ಡಿ. ಓದುವ ಡ್ರೈವ್ ಹುಡುಕುವುದೇ ಒಂದು ಸಾಹಸ. ಅದೂ ಆಯಿತು, ಫೈಲ್ ತೆರೆಯಿತು. ನೋಡಿದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ! ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಡಾಲರ್ ಚಿಹ್ನೆ ಎಲ್ಲ ಸೇರಿದ ಕಲಸುಮೇಲೋಗರ. ಹಿಂದೆ ಕೂತಿದ್ದ ದೊಡ್ಡಮ್ಮ ಕೇಳಿದರು, "ಎಲ್ಲಾ ಹೋಯ್ತಾ ಮಾರಾಯ?"

ಹೋಗಿರಲಿಲ್ಲ. ಆದರೆ ಯಾಕೆ ಹೀಗಾಯಿತು ಅಂತ ಅವರಿಗೆ ವಿವರಿಸಲು ಹೊರಟವನಿಗೆ ಇಪ್ಪತ್ತು ಚಿಲ್ಲರೆ ವರ್ಷಗಳ ಚರಿತ್ರೆಯನ್ನೇ ಹೇಳಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಕಾಲದ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಫಾಂಟುಗಳು ಮಾಡುತ್ತಿದ್ದದ್ದು ಒಂದು ಜಾಣ ಉಪಾಯ. ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರ ಇರುವ ಜಾಗದಲ್ಲಿ ಕನ್ನಡದ ಅಕ್ಷರ, ಒತ್ತು, ಕೊಂಬುಗಳ ಚಿತ್ರ ಕೂರಿಸುವುದು. ತೆರೆಯ ಮೇಲೆ ಕನ್ನಡ ಕಾಣುತ್ತದೆ, ಕಾಗದದ ಮೇಲೂ ಬರುತ್ತದೆ. ಆದರೆ ಫೈಲಿನ ಹೊಟ್ಟೆಯಲ್ಲಿ ಕನ್ನಡವೇ ಇಲ್ಲ. ಫಾಂಟ್ ತೆಗೆದರೆ ಬಣ್ಣ ಕಳಚಿದ ವೇಷದ ಹಾಗೆ! ಒಂದು ಫಾಂಟಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದೂ ಇಲ್ಲ.

ಅಂದ ಹಾಗೆ, ಇದಕ್ಕೆ ಪರಿಹಾರ ಆಗಲೇ ಇತ್ತು. 1991ರಲ್ಲಿ ಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಸಂಕೇತ ಇದ್ದ ಮಾತ್ರಕ್ಕೆ ಆಗುವುದಿಲ್ಲ. 'ಸ್ತ್ರೀ' ಎಂದು ಬರೆಯಲು ಯಾವ ಅಕ್ಷರದ ಕೆಳಗೆ ಯಾವ ಒತ್ತು, ಗುಡಿಸಿನ ದೀರ್ಘ ಎಲ್ಲಿ ಎಂದು ಜೋಡಿಸುವ ಯಂತ್ರ ಕಂಪ್ಯೂಟರಿನ ಒಳಗೆ ಬೇಕು. ಅದಕ್ಕೆ ತಕ್ಕ ಫಾಂಟ್ ಬೇಕು, ಕೀಲಿಮಣೆ ಬೇಕು. ವಿಂಡೋಸ್ 98ರಲ್ಲಿ ಕನ್ನಡಕ್ಕೆ ಇವು ಯಾವುವೂ ಇರಲಿಲ್ಲ. 2001ರ ಅಕ್ಟೋಬರ್ 25ರಂದು ವಿಂಡೋಸ್ ಎಕ್ಸ್‌ಪಿ ಬಂದಾಗ ಮೊದಲ ಬಾರಿಗೆ ಮೂರೂ ಸಿಕ್ಕಿದವು. ಫಾಂಟಿನ ಹೆಸರು ತುಂಗಾ. (ನೇತ್ರಾವತಿ ದಂಡೆಯ ನಮಗೆ ಸ್ವಲ್ಪ ಬೇಸರವಾದರೂ ಪರವಾಗಿಲ್ಲ ಬಿಡಿ!)

ಆದರೆ ಎಕ್ಸ್‌ಪಿ ಹಾಕಿದ ಕೂಡಲೇ ಕನ್ನಡ ಬರುತ್ತಿರಲಿಲ್ಲ. ಹಳಬರಿಗೆ ನೆನಪಿರಬಹುದು: ಕಂಟ್ರೋಲ್ ಪ್ಯಾನೆಲ್, ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್, ಲ್ಯಾಂಗ್ವೇಜಸ್ ಎಂಬ ಪುಟ, ಅಲ್ಲಿ ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಸೇರಿ ಒಂದು ಚೌಕ. ಥಾಯ್ ಭಾಷೆಯ ಹೆಸರು ಅದರಲ್ಲಿತ್ತು, ಕನ್ನಡದ್ದು ಇರಲಿಲ್ಲ. ಅದಕ್ಕೆ ಟಿಕ್ ಹಾಕಿದರೆ ಎಕ್ಸ್‌ಪಿಯ ಸಿ.ಡಿ. ಕೊಡು ಎನ್ನುತ್ತಿತ್ತು. ಕೊಟ್ಟ ಮೇಲೆ ಯಂತ್ರವನ್ನು ಮತ್ತೆ ಚಾಲು ಮಾಡಬೇಕು. ಆಮೇಲೆ ಕೆಳಗಿನ ಪಟ್ಟಿಯಲ್ಲಿ 'ಇಎನ್' ಪಕ್ಕ 'ಕೆಎನ್' ಬರಬೇಕಾದರೆ ಕೀಲಿಮಣೆಯನ್ನು ಬೇರೆ ಸೇರಿಸಬೇಕು.

ಬಿ.ಸಿ. ರೋಡಿನಲ್ಲೋ ಬೆಳ್ತಂಗಡಿಯಲ್ಲೋ ಕಂಪ್ಯೂಟರ್ ಕೊಂಡ ಎಷ್ಟು ಮಂದಿಯ ಹತ್ತಿರ ಆ ಸಿ.ಡಿ. ಇತ್ತು ಹೇಳಿ? ಅಂಗಡಿಯವನು ಹಾಕಿಕೊಟ್ಟದ್ದು, ಸಿ.ಡಿ. ಅಂಗಡಿಯಲ್ಲೇ. ಸೈಬರ್ ಕೆಫೆಯಲ್ಲಂತೂ ಟಿಕ್ ಹಾಕುವ ಅಧಿಕಾರವೇ ಇರುತ್ತಿರಲಿಲ್ಲ. ಹಾಗಾಗಿ ನಾವು ಬರೆದದ್ದು ಎಷ್ಟೋ ಕಡೆ ಬರೀ ಚೌಕ ಚೌಕವಾಗಿ, ಇಲ್ಲವೇ ಒತ್ತು ಪಕ್ಕಕ್ಕೆ ಹಾರಿ, ಕೊಂಬು ಕಳಚಿ ಕಾಣುತ್ತಿತ್ತು. 'ಚೌಕಗಳು ಕಾಣುತ್ತಿವೆಯೇ? ಹೀಗೆ ಮಾಡಿ' ಎಂದು ಎಲ್ಲರೂ ಒಂದೊಂದು ಸೂಚನೆ ಬರೆದಿಟ್ಟಿದ್ದೆವಲ್ಲ, ಅದು ಈ ಒಂದು ಟಿಕ್ ಮಾರ್ಕಿನ ಫಲ.

ಕೀಲಿಮಣೆಯದ್ದು ಇನ್ನೊಂದು ಕಥೆ. ಎಕ್ಸ್‌ಪಿ ಕೊಟ್ಟದ್ದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಕನ್ನಡಿಗರ ಬೆರಳು ಆಗಲೇ ಬೇರೆ ಕಡೆ ಪಳಗಿತ್ತು. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಉಚ್ಚಾರಣೆಗೆ ಹತ್ತಿರದ ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಅಕ್ಷರ ಬರುತ್ತದೆ. ನುಡಿ ತಂತ್ರಾಂಶದ ಕೀಲಿಮಣೆ ಅದನ್ನೇ ಆಧರಿಸಿದ್ದು. 1998ರಲ್ಲಿ ಶೇಷಾದ್ರಿವಾಸು ಕೊಟ್ಟ 'ಬರಹ'ದಲ್ಲಿ ಕಂಗ್ಲಿಷಿನಂತೆ ಟೈಪಿಸಿದರೂ ಸಾಕಿತ್ತು. ಹಾಗಾಗಿ ವಿಂಡೋಸ್ ಕೊಟ್ಟ ಕೀಲಿಮಣೆಯನ್ನು ಬದಿಗಿಟ್ಟು, ಬಹಳ ಮಂದಿ ಬರಹ ಇಲ್ಲವೇ ನುಡಿಯನ್ನೇ ಹಾಕಿಕೊಂಡರು. ಮೈಕ್ರೋಸಾಫ್ಟ್ ಉಚ್ಚಾರಣೆಯ ಕನ್ನಡ ಕೀಲಿಮಣೆಯನ್ನು ವಿಂಡೋಸಿನೊಳಗೇ ಕೊಟ್ಟದ್ದು 2019ರ ಮೇ ತಿಂಗಳ ವಿಂಡೋಸ್ 10 ಆವೃತ್ತಿಯಲ್ಲಿ!

2007ರ ಜನವರಿ 30ರಂದು ವಿಸ್ತಾ ಜನರ ಕೈಗೆ ಬಂತು. ಹಸಿರು ಸ್ಟಾರ್ಟ್ ಗುಂಡಿ ಹೋಗಿ ದುಂಡನೆಯ ಗುಂಡಿ ಬಂತು. ಕಿಟಕಿಗಳ ಅಂಚು ಗಾಜಿನಂತಾಯಿತು. ಮಾತುಮಾತಿಗೆ 'ಅನುಮತಿ ಕೊಡುತ್ತೀರಾ?' ಎಂದು ಕೇಳುವ ಪೆಟ್ಟಿಗೆ ಬಂದು ಲೋಕವೆಲ್ಲ ಬೈಯಿತು. ಯಂತ್ರ ನಿಧಾನ ಅಂತ ನಾವೂ ಬೈದೆವು. ಆದರೆ ನಮಗೆ ಮುಖ್ಯವಾದ ಬದಲಾವಣೆ ಕಣ್ಣಿಗೆ ಬೀಳುವಂಥದ್ದಾಗಿರಲಿಲ್ಲ. ಆ ಟಿಕ್ ಮಾರ್ಕಿನ ಚೌಕ ಮಾಯವಾಗಿತ್ತು. ಕನ್ನಡ ಜೋಡಿಸುವ ಯಂತ್ರ ಕೇಳದೆಯೇ ಒಳಗಿತ್ತು. ಸಿ.ಡಿ. ಬೇಡ, ಅಂಗಡಿಯವನ ದಯೆ ಬೇಡ. ಬೈಸಿಕೊಂಡ ವಿಸ್ತಾ ಕನ್ನಡಕ್ಕೆ ಮಾಡಿದ ಉಪಕಾರವಿದು. 2009ರ ವಿಂಡೋಸ್ 7 ಬಂದಾಗ ಜನ ಅದನ್ನು ಹೊಗಳಿದರು, ಆದರೆ ಆ ದಾರಿ ತೆರೆದದ್ದು ವಿಸ್ತಾ.

ಲೆಕ್ಕ ಹಾಕಿ. ಸಂಕೇತ ಸಿಕ್ಕಿದ್ದು 1991, ಸೌಲಭ್ಯ ಬಂದದ್ದು 2001, ಕೇಳದೆಯೇ ಸಿಗುವಂತಾದದ್ದು 2007. ಹದಿನಾರು ವರ್ಷ. ಆ ಹದಿನಾರು ವರ್ಷಗಳಲ್ಲಿ ನಮ್ಮ ಮೂರು ತಾಲೂಕುಗಳಲ್ಲಿ ಟೈಪ್ ಆದ ಜಾತ್ರೆಯ ಆಮಂತ್ರಣ, ಯಕ್ಷಗಾನದ ಕರಪತ್ರ, ಶಾಲೆಯ ಸ್ಮರಣ ಸಂಚಿಕೆಗಳಲ್ಲಿ ಎಷ್ಟು ದೊಡ್ಡಪ್ಪನ ಸಿ.ಡಿ.ಯಂತೆ ಇಂಗ್ಲಿಷ್ ವೇಷದಲ್ಲಿ ಬಿದ್ದಿರಬಹುದು? ವಿಸ್ತಾ ಬಂದ ಮೇಲೂ ಹಳೆಯ ಪೇಜ್‌ಮೇಕರಿಗೆ ಯುನಿಕೋಡ್ ಬಾರದ್ದರಿಂದ ಅಚ್ಚಿನ ಕೆಲಸ ಹಳೆಯ ಫಾಂಟಿನಲ್ಲೇ ಮುಂದುವರಿಯಿತು.

ಮೂಡುಬಿದಿರೆಯವರಿಗೆ ಈ ಕಥೆ ಹೊಸದಲ್ಲ. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥಗಳು ಶತಮಾನಗಳ ಕಾಲ ತಾಳೆಗರಿಯಲ್ಲಿ ಉಳಿದವು. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡದ್ದು. ಗರಿ ಜೀರ್ಣವಾಗುವ ಮೊದಲು, ಆ ಲಿಪಿ ಬಲ್ಲವರು ಇರುವಾಗಲೇ ಪ್ರತಿ ಮಾಡಿಸಿದ್ದರಿಂದ 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅವು ಅಚ್ಚಾಗಿ ಹೊರಬಂದವು. ಗರಿ ಎಷ್ಟು ಗಟ್ಟಿಯಾಗಿದ್ದರೂ ಓದುವವರು ಇಲ್ಲದಿದ್ದರೆ ಏನು ಪ್ರಯೋಜನ?

ಈಗ ಅದೇ ಕಥೆ ಇನ್ನೊಮ್ಮೆ ಶುರುವಾಗಿದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ 80 ಸಂಕೇತಗಳು ಸಿಕ್ಕಿವೆ. ಊರಲ್ಲಿ ಎಲ್ಲರಿಗೂ ಖುಷಿ. ಆದರೆ ಕನ್ನಡದ 1991 ಇದ್ದ ಹಾಗೆ ಇದು ತುಳುವಿನ 1991. ಜೋಡಿಸುವ ಯಂತ್ರ, ಫಾಂಟ್, ಕೀಲಿಮಣೆ ಎಲ್ಲ ಕೇಳದೆಯೇ ಒಳಗೆ ಇರುವ ದಿನ ಬರಬೇಕು. ಅದಕ್ಕೂ ಹದಿನಾರು ವರ್ಷ ಬೇಡ ಎಂಬುದೇ ನನ್ನ ಆಸೆ.

ದೊಡ್ಡಪ್ಪನ ಫೈಲ್ ಏನಾಯಿತು ಅಂತೀರಾ? ಪುಣ್ಯಕ್ಕೆ ಯಾವ ಫಾಂಟ್ ಬಳಸಿದ್ದೆಂದು ಫೈಲೇ ನೆನಪಿಟ್ಟುಕೊಂಡಿತ್ತು. ಯುನಿಕೋಡಿಗೆ ಬದಲಾಯಿಸುವ ತಂತ್ರಾಂಶಕ್ಕೆ ಕೊಟ್ಟೆ. ಮುಕ್ಕಾಲು ಪಾಲು ಸರಿಯಾಗಿ ಬಂತು. ಕೆಲವು ಕಡೆ ಒತ್ತು ತಪ್ಪಿ, ಹೆಸರುಗಳು ಗುರುತೇ ಸಿಗದಂತಾಗಿದ್ದವು. ದೊಡ್ಡಮ್ಮ ಪಕ್ಕದಲ್ಲಿ ಕೂತು "ಅದು ನಿನ್ನ ಅಜ್ಜನ ಅಕ್ಕನ ಹೆಸರು, ಬೆಳ್ತಂಗಡಿಗೆ ಕೊಟ್ಟದ್ದು" ಅಂತ ಒಂದೊಂದೇ ತಿದ್ದಿಸಿದರು. ಎರಡು ಸಂಜೆ ಹಿಡಿಯಿತು. ಮೂರು ಹೆಸರು ಅವರಿಗೂ ಗೊತ್ತಾಗಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಸಿ.ಡಿ. ಇದ್ದರೆ ಇವತ್ತೇ ತೆರೆದು ನೋಡಿ. ತಂತ್ರಾಂಶ ನಾಳೆಯೂ ಸಿಗುತ್ತದೆ. ಹೆಸರು ತಿದ್ದಿಸುವ ದೊಡ್ಡಮ್ಮ ಸಿಗಬೇಕಲ್ಲ...