ತಟ್ಟೆಗೆ ಊಟ ಬಂತು, ಹೊಟ್ಟೆಯ ಹುಳು ಹೋಯಿತೇ?

ಮಧ್ಯಾಹ್ನದ ಊಟವಿಲ್ಲದ ಸರ್ಕಾರಿ ಶಾಲೆಯನ್ನು ಇಂದಿನ ಮಕ್ಕಳು ಕಂಡೇ ಇಲ್ಲ. ನಮ್ಮ ಅಕ್ಕ, ಅಣ್ಣಂದಿರು ಕಂಡಿದ್ದಾರೆ. 1995ರ ಕೇಂದ್ರ ಯೋಜನೆಯಲ್ಲಿ ಹಾಜರಾತಿ ನೋಡಿ ತಿಂಗಳಿಗೆ 3 ಕೆ.ಜಿ. ಧಾನ್ಯ ಕೊಡುತ್ತಿದ್ದರು. ಅದು ಮನೆಯವರೆಲ್ಲರ ಪಾಲಾಗುತ್ತಿತ್ತು. ಮಗುವಿನ ಹೊಟ್ಟೆಗೆ ಎಷ್ಟು ಹೋಯಿತೆಂದು ಕೇಳುವವರಿರಲಿಲ್ಲ.

2000ದ ಜೂನ್‌ನಲ್ಲಿ ಬೆಂಗಳೂರಿನ ಪಶ್ಚಿಮಕ್ಕಿರುವ ರಾಜಾಜಿನಗರದ ಇಸ್ಕಾನ್‌ನಿಂದ ಅಕ್ಷಯ ಪಾತ್ರ ಶುರುವಾಯಿತು. ಮೊದಲಿಗೆ 5 ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಬಿಸಿಯೂಟ ಹೋಯಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲರಿ ಇರಬೇಕು ಎಂದು ಆದೇಶಿಸಿತು. 2002ರಲ್ಲಿ ನಮ್ಮ ಸರ್ಕಾರದ ಅಕ್ಷರ ದಾಸೋಹ ಉತ್ತರ ಕರ್ನಾಟಕದ 7 ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರಲ್ಲಿ ಕ್ಷೀರಭಾಗ್ಯದ ಹಾಲು, 2021ರ ಡಿಸೆಂಬರ್‌ನಿಂದ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ, ಆಮೇಲೆ ರಾಜ್ಯದ ಎಲ್ಲೆಡೆ ಮೊಟ್ಟೆ ಸಿಕ್ಕಿತು.

ಆದರೆ ತಟ್ಟೆ ತುಂಬಿದ ಮಾತ್ರಕ್ಕೆ ಮಗು ಮೈ ತುಂಬಿಕೊಳ್ಳುವುದಿಲ್ಲ. ಜಂತುಹುಳು ಮಗು ಉಂಡದ್ದರಲ್ಲಿ ಪಾಲು ತಿನ್ನುತ್ತದೆ. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ರಕ್ತ ಕಡಿಮೆಯಾದ ಮಗು ತರಗತಿಯಲ್ಲಿ ತೂಕಡಿಸಿದರೆ ನಾವು ಸೋಮಾರಿ ಎಂದು ಬೈಯುತ್ತೇವೆ. ಈ ಹುಳುವಿಗೆ ಮದ್ದು ಕೊಡುವ ರಾಷ್ಟ್ರೀಯ ದಿನ ಶುರುವಾದದ್ದು 2015ರ ಫೆಬ್ರವರಿ 10ರಂದು. 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ. ರಾಜಾಜಿನಗರದಿಂದ ಆ ಮೊದಲ ಬಿಸಿಯೂಟ ಹೊರಟ ಮೇಲೆ ಸುಮಾರು ಹದಿನೈದು ವರ್ಷ ಕಳೆದಿತ್ತು.

ಮಾತ್ರೆ ಒಳಗಿನ ಹುಳುವನ್ನು ಸಾಯಿಸುತ್ತದೆ, ಹೊಸ ಹುಳು ಬರುವುದನ್ನು ತಡೆಯುವುದಿಲ್ಲ. ಹುಳುವಿನ ಮೊಟ್ಟೆ ಮಲದ ಜೊತೆ ಮಣ್ಣಿಗೆ, ನೀರಿಗೆ ಸೇರುತ್ತದೆ. ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲದು, ತೊಳೆಯದ ಕೈ ಮತ್ತು ಹಸಿ ತರಕಾರಿಯ ಮೂಲಕ ಬಾಯಿಗೆ ಬರುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ.

ಇಲ್ಲಿ ಅದೇ ರಾಜಾಜಿನಗರವನ್ನು ಮತ್ತೆ ನೆನೆಯಬೇಕು. ಅಲ್ಲಿನ ಊಟ ಶಾಲೆಗಳಿಗೆ ಹೋಯಿತು. ಆ ಕಡೆಯ ಬಡಾವಣೆಗಳ ಚರಂಡಿ ನೀರು ಮಾತ್ರ ವೃಷಭಾವತಿ ಸೇರಿತು. ಒಂದು ಕಾಲಕ್ಕೆ ತಿಳಿನೀರಿನ ಹೊಳೆಯಾಗಿದ್ದ ಅದು ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ. ಅದೇ ನೀರಿನಲ್ಲಿ ರೈತರು ಬೇಸಾಯ ಮಾಡುತ್ತ ಬಂದಿದ್ದಾರೆ. ಹಸಿಯಾಗಿ ತಿನ್ನುವ ಬೆಳೆಗೆ ಬಿಡುವ ಕೊಳಚೆ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಹುಳುವಿನ ಮೊಟ್ಟೆ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹೇಳಿತ್ತು. ಅಂಥ ನೀರಿನಲ್ಲಿ ಬರಿಗಾಲಲ್ಲಿ ನಿಲ್ಲುವವರು ನಗರದವರಲ್ಲ, ನಮ್ಮವರು.

ಊಟಕ್ಕೆ ಕೋರ್ಟಿನ ಆದೇಶ ಬಂತು. ಮಾತ್ರೆಗೆ ಒಂದು ದಿನ ಗೊತ್ತಾಯಿತು. ಶುದ್ಧ ನೀರು, ಬಳಸಲು ಬರುವ ಶೌಚಾಲಯ, ಕೈತೊಳೆಯಲು ಸೋಪು ಇವುಗಳ ಸರದಿ ಇನ್ನೂ ಮುಗಿದಿಲ್ಲ. ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಊಟದ ರುಚಿ ಕೇಳಿ, ಮೊಟ್ಟೆ ಲೆಕ್ಕ ಕೇಳಿ. ಹಾಗೆಯೇ ಶೌಚಾಲಯದ ನಲ್ಲಿ ತಿರುಗಿಸಿ, ನೀರು ಬರುತ್ತದೆಯೇ ನೋಡಿ.